ಹನ್ನೊಂದನೇ ದಿನದ ಎಣಿಕೆ

ಮೇಲಿನ ಕೋಣೆ, ಕಿಟಕಿ ಪಕ್ಕದ ನಿನ್ನ ಮಂಚ
(ಸದ್ಯಕ್ಕೆ ನನ್ನ ವಶದಲ್ಲಿದೆ)
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಖು

ಸತ್ತವೆಂದು ಸಾರಲ್ಪಟ್ಟ ಸಮಸ್ತ ಹುಳುಗಳ ಪ್ರಾಣದಾತೆಯೂ, ಕೆಂಪು ಪೆನ್ಸಿಲಿನ ಏಟು ತಿಂದ ವೀರಾಗ್ರಣಿಯೂ, ಮೂರು ದಿನದ ಕೆಲಸಕ್ಕೆ ಹನ್ನೊಂದು ದಿನ ಹಿಡಿಸುವ ಮಹಾನಿಧಾನಿಯೂ, ಹೊರಡುವಾಗ ನನ್ನ ನೀಲಿ ಕೊಡೆಯನ್ನು ಹೇಳದೆ ಕೇಳದೆ ಒಯ್ದವಳೂ ಆದ ಅಕ್ಕನವರ ಘನ ಸನ್ನಿಧಾನಕ್ಕೆ, ಇದೇ ಮನೆಯ ಎರಡನೆಯ ಹಾಗೂ ಕೊನೆಯ ಉಪದ್ರವವಾದ ತಂಗಿಯು ತಲೆಬಾಗಿ, ಕೈಮುಗಿದು, ಒಂದು ಕಣ್ಣು ಮಿಟುಕಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಗಂಟಲು ಹೇಗಿದೆ? ದಿನಕ್ಕೆ ಐದು ತರಗತಿ ಅಂದರೆ ಸೀಮೆಸುಣ್ಣ ಸೇರುಗಟ್ಟಲೆ ಒಳಗೆ ಹೋಗುತ್ತಿರಬೇಕು. ಬೆಚ್ಚಗಿನ ಉಪ್ಪುನೀರಲ್ಲಿ ಮುಕ್ಕಳಿಸಬೇಕಂತೆ, ಇದು ಅಮ್ಮನ ಅಪ್ಪಣೆ. ಬಾಡಿಗೆ ಕೋಣೆಯ ನಲ್ಲಿ ರಿಪೇರಿ ಆಯಿತೋ, ಇಲ್ಲ ಇನ್ನೂ ಬಕೆಟ್ಟಿನ ತೊಟತೊಟ ಕೇಳಿಕೊಂಡೇ ಮಲಗುತ್ತೀಯೋ, ಅದನ್ನೂ ಬರೆ. ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನ ಮಾತು ಬಂದಾಗಲೆಲ್ಲ ಅದೇ ಹಳೇ ರಾಗ: "ಎಲ್ಲರೂ ಒಂದು ಅಂದಾಗ ತಾನೂ ಒಂದು ಅಂದಿದ್ರೆ ಇವಳ ಗಂಟೇನು ಹೋಗ್ತಿತ್ತು?" ಅಷ್ಟು ಹೇಳಿ, ಬಟ್ಟೆ ಹಿಡಿದುಕೊಂಡು ಮೇಲೆ ಬಂದು ನಿನ್ನ ಕಪಾಟಿನ ಧೂಳು ಒರೆಸುತ್ತಾಳೆ. ವಾರಕ್ಕೆ ಮೂರು ಸಲ ಒರೆಸುವಷ್ಟು ಧೂಳು ಅಲ್ಲಿ ಕೂತಿರುವುದಿಲ್ಲ. ನೀನು ಮಂಚದ ಕೆಳಗೆ ಬಿಟ್ಟುಹೋದ ಎರಡು ಗಾಜಿನ ತಟ್ಟೆಗಳಲ್ಲಿ ಒಂದನ್ನು ಎಂಜಲು ತಟ್ಟೆಯೆಂದು ತಿಳಿದು ಬೂದಿ ಹಾಕಿ ತಿಕ್ಕಿ ತೊಳೆದಿದ್ದಾಳೆ. ಒಳಗೆ ಇದ್ದವರ ಆತ್ಮಕ್ಕೆ ಶಾಂತಿ ಸಿಗಲಿ. ಇನ್ನೊಂದನ್ನು ನನ್ನ ಚಪ್ಪಲಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ.

ಇನ್ನು ಪ್ರಯೋಗಾಲಯದ ಸುದ್ದಿ. ಇದರಲ್ಲಿ ಅರ್ಧ ನಿನಗೆ ಗೊತ್ತಿದ್ದದ್ದೇ. ಆದರೂ ಈ ಪತ್ರ ಮುಂದೊಂದು ದಿನ ಇತಿಹಾಸಕಾರರ ಕೈಗೆ ಸಿಕ್ಕಿ, ಅವರು ತಲೆಬುಡ ತಿಳಿಯದೆ ಕಂಗಾಲಾಗಬಾರದಲ್ಲ, ಅದಕ್ಕೇ ಮೊದಲಿಂದ ದಾಖಲಿಸುತ್ತೇನೆ. ಕೊಳದ ಕೆಸರನ್ನು ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ನೀರು ಹಾಕಿ, ಅದರಲ್ಲಿರುವ ಬರಿಗಣ್ಣಿಗೆ ಕಾಣದ ಹುಳುಗಳಲ್ಲಿ ನೂರಕ್ಕೆ ಎಷ್ಟು ಮರಳಿ ಮಿಸುಕಾಡುತ್ತವೆ ಎಂದು ನೋಡುವುದು ನಮ್ಮ ಕಸುಬು. ಮೂರು ದಿನ ಕಾಯಬೇಕು, ಎಣಿಸಬೇಕು, ನಾಲ್ಕನೇ ದಿನ ತಟ್ಟೆ ತೊಳೆಯಬೇಕು. ಮಿಸುಕದವು ಸತ್ತವು. ಉತ್ತರ ನಲವತ್ತು. ಹದಿನೆಂಟು ವರ್ಷದ ಹಿಂದೆ ನಮ್ಮ ಸರಾಸರಿ ಸಾರ್ ತಮ್ಮ ತಲೆಯಲ್ಲಿ ಇನ್ನೂ ಕೂದಲಿದ್ದಾಗ ಎಣಿಸಿದ್ದೂ ನಲವತ್ತು, ಈಗಲೂ ನಲವತ್ತು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಉದ್ದನೆಯ ಮೇಜಿಗೆ ಕೂತು ಒಂದೇ ತಟ್ಟೆಯಿಂದ ನೂರು ಹುಳು ಬರುವಂತೆ ಅಳೆದು ಹಾಕಿದ ಹನಿಯಲ್ಲಿ ಮಿಸುಕುವವನ್ನು ಮಾತ್ರ ತಮ್ಮ ತಮ್ಮ ಸ್ಲೈಡಿನಲ್ಲಿ ಎಣಿಸುವುದು, ಆಮೇಲೆ ಹಿರಿತನದ ಪ್ರಕಾರ ಒಬ್ಬೊಬ್ಬರೇ ಗಟ್ಟಿಯಾಗಿ ಹೇಳುವುದು, ಸಾರ್ ಸರಾಸರಿ ತೆಗೆಯುವುದು. ಮೊದಲು ಹೇಳುವವರು ಸಾರ್. ಎರಡನೆಯವರು ಹೌದಪ್ಪ. (ಇತಿಹಾಸಕಾರರೇ, ಇದು ಅವರ ನಿಜವಾದ ಹೆಸರಲ್ಲ, ನಾನು ಅಕ್ಕ ಸೇರಿ ಇಟ್ಟ ಬಿರುದು. ಈ ಮನುಷ್ಯ ಇಷ್ಟು ವರ್ಷದಲ್ಲಿ ಇಲ್ಲ ಅಂದದ್ದು ಒಂದೇ ಸಲ, ಸಕ್ಕರೆ ಬೇಕಾ ಎಂದು ಕೇಳಿದಾಗ.) ಕೊನೆಯವಳು ನಾನು. ಇನ್ನೊಂದು ನಿಯಮ, ಮುಖ್ಯವಾದದ್ದು: ಒಬ್ಬರ ಎಣಿಕೆ ಮಾತ್ರ ಬೇರೆ ಬಂದರೆ ಅದು ಕೈತಪ್ಪು, ಕೆಂಪು ಪೆನ್ಸಿಲಲ್ಲಿ ಹೊಡೆದುಹಾಕುವುದು. ಇಬ್ಬರದು ಬೇರೆ ಬಂದರೆ ಎಲ್ಲರೂ ಮತ್ತೆ ಎಣಿಸಬೇಕು.

ನೀನು ಮೂರು ದಿನಕ್ಕೆ ಬದಲು ಹನ್ನೊಂದು ದಿನ ಬಿಟ್ಟ ತಟ್ಟೆಯನ್ನು ಯಾರಿಗೂ ಹೇಳದೆ ಶುಕ್ರವಾರದ ಮೇಜಿಗೆ ತಂದೆಯಲ್ಲ, ಅದಕ್ಕೆ ಈಗಲೂ ನನ್ನ ಸಲಾಮು ಇದೆ. ನಾನು ನಾಲ್ಕು ವರ್ಷದಲ್ಲಿ ಆಡಿದ ಆಟಗಳೆಲ್ಲ ಅದರ ಮುಂದೆ ಮಕ್ಕಳಾಟ. ಮೊದಲೇ ಹೇಳಿದರೆ ಮೊದಲೇ ತಲೆಯಲ್ಲಾಡಿಸುತ್ತಾರೆ, ಹೇಳದಿದ್ದರೆ ಕಂಡದ್ದನ್ನು ಕಂಡಂತೆ ಹೇಳುತ್ತಾರೆ ಎಂಬುದು ನಿನ್ನ ಲೆಕ್ಕಾಚಾರ. ಸಾರ್ ನಲವತ್ತು ಅಂದರು. ಹೌದಪ್ಪ ನಲವತ್ತೊಂದು ಅಂದರು, ಆ ಒಂದು ಅವರ ಸ್ವಂತ ವ್ಯಕ್ತಿತ್ವ. ಮಿಕ್ಕ ಮೂವರೂ ಅದರ ಆಚೆ ಈಚೆ. ನೀನು ಅರವತ್ತೊಂದು ಅಂದೆ. ಹನ್ನೊಂದು ದಿನದ ಗುಟ್ಟನ್ನೂ ಬಿಚ್ಚಿಟ್ಟು, ಅವು ಸತ್ತಿರಲಿಲ್ಲ ಸಾರ್, ತಡವಾಗಿ ಏಳುವ ಜಾತಿ ಅಷ್ಟೇ, ಅಂದೆ. ಸಾರ್ ಕೂಗಾಡಲಿಲ್ಲ, ಅದೇ ಅವರ ದೊಡ್ಡ ಗುಣ. "ನೋಡಮ್ಮಾ, ಹನ್ನೊಂದು ದಿನ ಬಿಟ್ಟ ಮೇಲೂ ನಮಗೆಲ್ಲ ನಲವತ್ತೇ ಬಂದಿದೆ. ಅಂದ್ರೆ ಕಾದು ಪ್ರಯೋಜನ ಇಲ್ಲ ಅಂತ ನೀನೇ ತೋರಿಸಿಕೊಟ್ಟ ಹಾಗಾಯ್ತು." ಇಷ್ಟು ಹೇಳಿ ಪೆನ್ಸಿಲು ಚೂಪು ಮಾಡಿಕೊಂಡರು. ಹದಿನೈದು ದಿನಕ್ಕೆ ನೀನು ಪೆಟ್ಟಿಗೆ ಕಟ್ಟಿದೆ. ಅಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು ಆರಾಮವಾಗಿದ್ದೇನೆ ಅಂತ ಬರೆಯುತ್ತೀಯ. ಆ ಪದವನ್ನು ಒಂದೇ ಪುಟದಲ್ಲಿ ನಾಲ್ಕು ಸಲ ಬರೆದರೆ ಅಮ್ಮ ಕೂಡ ನಂಬುವುದಿಲ್ಲ.

ನೀನು ಹೋದ ಮೇಲೆ ನಾನೂ ಸಂಶೋಧನೆ ಶುರುಮಾಡಿದೆ, ನನ್ನದೇ ವಿಷಯದಲ್ಲಿ. ಮೊದಲು ಗೋಡೆ ಗಡಿಯಾರವನ್ನು ಹನ್ನೆರಡು ನಿಮಿಷ ಮುಂದಿಟ್ಟೆ. ಎಲ್ಲರ ಕೈಯಲ್ಲೂ ಗಡಿಯಾರ ಇದೆ. ಮೂರನೇ ದಿನದ ಹೊತ್ತಿಗೆ ಹೌದಪ್ಪ ತಮ್ಮದನ್ನು ತಿರುಗಿಸಿಕೊಂಡರು, ಐದನೇ ದಿನ ಸಾರ್. ಈಗ ನಮ್ಮ ಪ್ರಯೋಗಾಲಯ ಮಿಕ್ಕ ಲೋಕಕ್ಕಿಂತ ಹನ್ನೆರಡು ನಿಮಿಷ ಮುಂದಿದೆ, ಇದನ್ನೇ ಪ್ರಗತಿ ಅನ್ನುತ್ತಾರೇನೋ. ಆಮೇಲೆ ಎರಡನೇ ಪ್ರಯೋಗ, ಮೊನ್ನೆ ಶುಕ್ರವಾರ. ಸ್ಲೈಡುಗಳಿಗೆ ಹನಿ ಹಾಕುವ ಕೆಲಸ ಈಗ ನನ್ನದು. ತಟ್ಟೆಯ ನೀರಿಗೆ ಅಷ್ಟೇ ಬರೀ ನೀರು ಬೆರೆಸಿಬಿಟ್ಟೆ. ಅರ್ಧಕ್ಕರ್ಧ. ಯಾರಿಗೇ ಆಗಲಿ ಇಪ್ಪತ್ತರ ಮೇಲೆ ಸಿಗಲು ಸಾಧ್ಯವೇ ಇಲ್ಲ, ಹುಳುಗಳು ಸಾರ್ ಮೇಲಿನ ಗೌರವದಿಂದ ಎರಡೆರಡು ಸಲ ಓಡಾಡಿದರೆ ಮಾತ್ರ ಉಂಟು. ಸಾರ್ ಕಣ್ಣಿಟ್ಟು ನೋಡಿದರು, ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಆಮೇಲೆ ನಲವತ್ತು ಅಂದರು. ಹೌದಪ್ಪ ನಲವತ್ತೊಂದು. ಮೇಜಿನ ಸುತ್ತ ಇದ್ದ ಆರು ಜನಕ್ಕೂ ನಲವತ್ತರ ಆಸುಪಾಸು.

ಎಲ್ಲರೂ ಚಹಾಕ್ಕೆ ಎದ್ದ ಮೇಲೆ ಸಾರ್ ಕೋಣೆಗೆ ಹೋಗಿ ನೀರು ಬೆರೆಸಿದ್ದನ್ನು ಹೇಳಿದೆ. ಬೈಗುಳ ಬೀಳುತ್ತದೆಂದು ಕಾಯುತ್ತಿದ್ದೆ. ಅವರು ಕುರ್ಚಿಗೆ ಒರಗಿ, ಬಹಳ ಸಮಾಧಾನದಿಂದ, "ನೀರು ಬೆರೆಸಿದ್ದೆ ಅನ್ನೋದಕ್ಕೆ ನಿನ್ನ ಮಾತು ಬಿಟ್ರೆ ಏನಿದೆ? ಬೆರೆಸಿಲ್ಲ ಅನ್ನೋದಕ್ಕೆ ಆರು ಎಣಿಕೆ ಇದೆ" ಅಂದರು. ನಾನು ಬಾಗಿಲ ಕಡೆ ತಿರುಗಿದಾಗ ಇನ್ನೊಂದು ಮಾತನ್ನೂ ಹೇಳಿದರು, ಮುಖ ಕಿಟಕಿ ಕಡೆಗಿತ್ತು. "ನಿಮ್ಮಕ್ಕ ಹೇಳಿದ ದಿನ ಇನ್ನೊಬ್ರು, ಒಬ್ಬೇ ಒಬ್ರು, ಜೊತೆಗೆ ನಿಂತಿದ್ರೆ ನಾನು ಮತ್ತೆ ಎಣಿಸಬೇಕಾಗಿತ್ತು. ನನಗೂ ನೋಡಬೇಕು ಅನ್ನಿಸಿತ್ತು." ಅದನ್ನು ಅವರು ಯಾರಿಗೆ ಹೇಳಿಕೊಂಡರೋ ನನಗೆ ಗೊತ್ತಾಗಲಿಲ್ಲ. ಚಹಾ ಆರಿಹೋಗಿತ್ತು.

ಈಗ ವಿಷಯ. ಹದಿನೆಂಟು ವರ್ಷದ ದೊಡ್ಡ ವರದಿ ಬರುವ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅದರ ಎಪ್ಪತ್ತನೇ ಪುಟದಲ್ಲಿ ನಿನಗೆ ಒಂದು ಸಾಲು ಕೊಟ್ಟಿದ್ದಾರೆ: ಹೆಚ್ಚು ಕಾಲ ಕಾದರೆ ಹೆಚ್ಚು ಹುಳುಗಳು ಏಳುತ್ತವೆ ಎಂಬ ವಾದವನ್ನು ಪರಿಶೀಲಿಸಲಾಗಿ, ಬೇರೆ ಯಾರ ಎಣಿಕೆಯಲ್ಲೂ ಅದು ಕಂಡುಬಂದಿಲ್ಲ. ಒಮ್ಮೆ ಅಚ್ಚಾಯಿತೆಂದರೆ ಮುಗಿಯಿತು, ಇನ್ನು ಹದಿನೆಂಟು ವರ್ಷ ಎಲ್ಲರೂ ನಾಲ್ಕನೇ ದಿನಕ್ಕೆ ತಟ್ಟೆ ತೊಳೆಯುತ್ತಾರೆ, ನಮ್ಮ ಅಮ್ಮನ ಹಾಗೆ. ಆದ್ದರಿಂದ ರಜೆ ಹಾಕಿ ಗುರುವಾರವೇ ಹೊರಟು ಬಾ. ಮಂಚ ಬಿಟ್ಟುಕೊಡುತ್ತೇನೆ. ಹೆದರಿ ಕೂತ ಆ ಆರು ಜನರ ಮುಂದೆ ನಿಂತು ಇನ್ನೊಮ್ಮೆ ಹೇಳು. ಬೆನ್ನುಮೂಳೆ ಇಲ್ಲದ ಹುಳುಗಳನ್ನು ಎಣಿಸೀ ಎಣಿಸೀ ಇವರೂ ಹಾಗೇ ಆಗಿದ್ದಾರೆ ಎಂಬುದು ನನ್ನ ಸಂಶೋಧನೆಯ ಸಾರಾಂಶ.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ಚಪ್ಪಲಿ ಡಬ್ಬದಲ್ಲಿರುವವರೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಕೊಡೆ ತರುವುದು.

ಇಂತು,
ಸದಾ ನಿನ್ನ ಬಾಲ ಹಿಡಿದೇ ಬಂದ,
ಉಪದ್ರವ

ಮರೆತ ಮಾತು: ಅಂಚೆ ಪೆಟ್ಟಿಗೆಗೆ ಹಾಕಲು ಚಪ್ಪಲಿ ಮೆಟ್ಟಿದವಳು ಮತ್ತೆ ಬಂದು ಕೂತಿದ್ದೇನೆ. ಮೊನ್ನೆಯ ಆರನೆಯವಳು ನಾನೇ. ನನ್ನ ಸ್ಲೈಡಿನಲ್ಲಿ ಹತ್ತೊಂಬತ್ತು ಇತ್ತು, ನಲವತ್ತು ಅಂದೆ. ಗುಟ್ಟು ಒಡೆಯಬಾರದೆಂದು ಹಾಗೆ ಹೇಳಿದೆ ಅನ್ನಬಹುದು. ಆದರೆ ನೀನು ಅರವತ್ತೊಂದು ಅಂದ ದಿನ ನನಗೆ ಕಾಪಾಡಿಕೊಳ್ಳಲು ಯಾವ ಗುಟ್ಟೂ ಇರಲಿಲ್ಲ. ಆವತ್ತು ನಿನ್ನ ನಂತರ ಹೇಳಬೇಕಾದವಳು ನಾನೊಬ್ಬಳೇ. ನನಗೆ ಐವತ್ತೊಂಬತ್ತು ಬಂದಿತ್ತು. ನೀನು ಸಾರ್ ಜೊತೆ ಮಾತಾಡುತ್ತಿದ್ದಾಗ ಅದನ್ನು ಅಳಿಸಿ ನಲವತ್ತು ಮಾಡಿದೆ. ಆ ಹಾಳೆ ಹರಿದು ಇದರ ಜೊತೆ ಇಟ್ಟಿದ್ದೇನೆ. ಬೆಳಕಿಗೆ ಹಿಡಿದರೆ ಕೆಳಗಿನ ಐವತ್ತೊಂಬತ್ತು ಇನ್ನೂ ಕಾಣುತ್ತದೆ. ಶುಕ್ರವಾರ ಅದನ್ನು ಮೇಜಿನ ಮೇಲಿಡಬೇಕಾದವಳು ನಾನು, ಒಬ್ಬಳೇ ಇದ್ದರೆ ಇಡುತ್ತೇನೆಂಬ ನಂಬಿಕೆ ನನಗಿಲ್ಲ, ಅದಕ್ಕೇ ನಿನ್ನ ಕೈಗೆ ಕಳಿಸುತ್ತಿದ್ದೇನೆ. ಆ ರಬ್ಬರು ಕೂಡ ನಿನ್ನದೇ. ನೀನು ಆ ಕಡೆ ತಿರುಗಿದ್ದೆ, ಕೇಳದೆ ತಗೊಂಡೆ.