ಡಬ್ಬಿಯಲ್ಲೇ ಉಳಿದ ಚೀಟಿ

ನೀರೆಣಿಕೆಯ ೨೧೪ನೇ ವರ್ಷ, ಎರಡನೆಯ ಬೇಸಿಗೆಯ ಮೂವತ್ತೊಂಬತ್ತನೆಯ ದಿನ
ಒಳಗುಡ್ಡ, ನಾಲ್ಕನೆಯ ಮಜಲು

ವಿಜ್ಞಾನ ಶಿಕ್ಷಕಿ ಶ್ರೀಮತಿ ಮಂದಾಕಿನಿ ಕೊಪ್ಪದ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಹುಡುಗರ ಚೇಷ್ಟೆಯೆಂದು ಈ ಕಾಗದವನ್ನು ಮುದುರಿ ಎಸೆಯಬೇಡಿ. ಬಯಲುಸೀಮೆಯ ಕಟ್ಟಕಡೆಯ ಕೆರೆ ಬತ್ತಿದ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ; ಅದಕ್ಕೇ ನೀರೆಣಿಕೆ ಎಂಬ ಹೆಸರು. ಆ ಕೆರೆ ನಿಮ್ಮ ಕಾಲದಲ್ಲಿ ಇನ್ನೂ ತುಂಬಿದೆ, ಆದ್ದರಿಂದ ನಾನು ಹುಟ್ಟುವುದಕ್ಕೆ ಇನ್ನೂ ಬಹಳ ದಿನ ಬೇಕು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಹಳೆಯ ಪಠ್ಯಪುಸ್ತಕಗಳಿಂದ. ಕಾಗದದಲ್ಲಿರುವ ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ, ಅದು ನಿಮಗೆ ಸೇರಬೇಕಾದದ್ದೇ.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆ ನಮ್ಮಲ್ಲಿದೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ, ಅದೂ ಯಾರ ಕೈಬರಹ ನಮ್ಮ ಬಳಿ ಇದೆಯೋ ಅವರಿಗೆ ಮಾತ್ರ, ಆ ಬರಹ ಬರೆದ ದಿನಕ್ಕೇ. ಜನ ಮುತ್ತಜ್ಜಿಗೆ ಬರೆದು ಕೆಂಪು ಚಟ್ನಿಯ ಹದ ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ನಿಂಗೋಜಿ ತನ್ನ ಪಾಲಿನ ಕಾಗದವನ್ನು ಮುತ್ತಾತನಿಗೆ ಬಯ್ಯಲಿಕ್ಕೆಂದೇ ಬಳಸಿ, ಮೂರು ದಿನ ಖುಷಿಯಾಗಿದ್ದ. ನನ್ನದನ್ನು ನಾನು ತೀರಿಕೊಂಡ ನನ್ನ ಅವ್ವನಿಗೆಂದು ಇಟ್ಟುಕೊಂಡಿದ್ದೆ. ಈಗ ಅದು ನಿಮ್ಮ ಪಾಲಾಗಿದೆ.

ಕಳೆದ ತಿಂಗಳು ಗುಡ್ಡದ ಬುಡದಲ್ಲಿ, ಸೆಕೆಗೆ ಇಳಿದು ಕೂರುವ ತಂಪುಬಾವಿ ತೋಡುವಾಗ ಒಂದು ಹಳೆಯ ಶಾಲೆಯ ತಳಪಾಯ ಸಿಕ್ಕಿತು. ಶಾಲೆಯ ಹೆಸರಿನ ಕಲ್ಲು ಸವೆದುಹೋಗಿತ್ತು. ಆದರೆ ಗೋಡೆಯ ಗೂಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಗಟ್ಟಿಮುಟ್ಟಾಗಿ ಕೂತಿತ್ತು. ಮುಚ್ಚಳದ ಮೇಲೆ ನಿಮ್ಮ ದುಂಡನೆಯ ಅಕ್ಷರ: “ಪ್ರಶ್ನೆ ಪೆಟ್ಟಿಗೆ. ಹತ್ತನೇ ತರಗತಿ. ನಾಚಿಕೊಳ್ಳದೆ ಕೇಳಿರಿ. ಮಂದಾಕಿನಿ ಕೊಪ್ಪದ.” ಒಳಗೆ ನಲವತ್ತಮೂರು ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ಮೇಲೆ ಅದೇ ದುಂಡನೆಯ ಅಕ್ಷರದಲ್ಲಿ ಒಂದು ತುಂಡು: “ಆಮೇಲೆ ನೋಡೋಣ.” ಭಲೆ ಅಕ್ಕೋರೇ! ಕೇಳಿರಿ ಎಂದವರೂ ನೀವೇ, ಕಟ್ಟಿಟ್ಟವರೂ ನೀವೇ.

ಡಬ್ಬಿಯನ್ನು ನನ್ನ ಬಳಿ ತಂದದ್ದು ನಾನು ಮೂಲಪಾಠದ ಅಕ್ಕೋರು ಎಂಬ ಕಾರಣಕ್ಕೆ. ಮನುಷ್ಯ ಹುಟ್ಟುವ ಬಗೆಯನ್ನು ಎಳೆಯರಿಗೆ ಕಲಿಸುವುದಕ್ಕೆ ಮೂಲಪಾಠ ಎನ್ನುತ್ತೇವೆ. ಚೀಟಿಗಳನ್ನು ಓದುತ್ತ ಮೊದಲು ನಕ್ಕೆ. “ಹೆಣ್ಣು ಹುಟ್ಟಿದ್ರ ನಮ್ಮವ್ವಗ ಯಾಕ ಬೈತಾರ?” ಎಂದು ಒಬ್ಬಳು ಕೇಳಿದ್ದಾಳೆ. “ಟೀಚರ್, ಆ ಪಾಠ ಮನ್ಯಾಗ ಓದ್ಕೋರಿ ಅಂದ್ರಿ, ಮನ್ಯಾಗ ಆ ಪುಟಾನ ಹರದು ಒಲಿಗೆ ಹಾಕ್ಯಾರ,” ಎಂದು ಇನ್ನೊಬ್ಬಳು. ಆಮೇಲೆ ಇದು ಸಿಕ್ಕಿತು: “ಟೀಚರ್, ನೀವು ಎರಡನೇ ಸಲ ಬಸುರದೀರಂತ, ಖರೇನ್ರಿ? ಸೆರಗು ಭಾಳ ಹೊದ್ಕೊಂಡಿರ್ತೀರಿ, ಅದಕ್ಕ ಕೇಳಿದ್ವಿ.”

ಅಯ್ಯ ಶಿವನೇ, ಅದನ್ನು ಓದಿ ನನಗೆ ಮೈಯೆಲ್ಲ ಉರಿ ಹತ್ತಿತು. ಪಾಠವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ಅದರ ಮೇಲೆ ಸೆರಗು ಎಳೆದುಕೊಂಡು, ಕರಿಹಲಗೆಯ ಮುಂದೆ ನಿಂತು ಮನೆಯಲ್ಲಿ ಓದಿಕೊಳ್ಳಿ ಎಂದಿರಲ್ಲ! ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ನಿಮ್ಮ ಕಾಲದ್ದೇ ಎಂದು ಕೇಳಿದ್ದೇನೆ. ನಿಮಗೆ ಹಲ್ಲೂ ಇತ್ತು, ಕಡಲೆಯೂ ಇತ್ತು, ಬಾಯಿ ತೆರೆಯಲಿಲ್ಲ ಅಷ್ಟೆ.

ನನ್ನ ಈ ಉರಿ ಏಕೆಂದು ತಿಳಿಯಬೇಕಾದರೆ ನಮ್ಮ ಬದುಕು ನಿಮಗೆ ಗೊತ್ತಾಗಬೇಕು. ಇಲ್ಲಿ ಯಾರೂ ಬಸುರಾಗುವುದಿಲ್ಲ. ಹೊರಗಿನ ಸೆಕೆಯಲ್ಲಿ ಬಸಿರು ನಿಲ್ಲದಂತಾದ ಕಾಲದಲ್ಲಿ ಹಿರಿಯರು ಬಸಿರುಮನೆಗಳನ್ನು ಕಟ್ಟಿದರು. ಕೂಸುಗಳು ಅಲ್ಲಿ, ಬೆಚ್ಚಗಿನ ನೀರು ತುಂಬಿದ ಗಾಜಿನ ಕೊಡಗಳಲ್ಲಿ ಬೆಳೆಯುತ್ತವೆ. ಹದಿನೆಂಟು ತುಂಬಿದ ಹೆಣ್ಣುಮಕ್ಕಳ ತೋಳಿಗೆ ತಡೆಗುಳಿಗೆ ಎಂಬ ಸಣ್ಣ ಕಾಳೊಂದನ್ನು ಇಡುತ್ತಾರೆ. ಅಂದಿನಿಂದ ಮುಟ್ಟು ನಿಲ್ಲುತ್ತದೆ. ನನ್ನ ಮಗಳನ್ನು ನನ್ನ ಕೈಗೆ ಕೊಟ್ಟದ್ದು ಒಂದು ಮಧ್ಯಾಹ್ನ, ಬಿಲ್ಲೆ ತೋರಿಸಿ ಸಾಲಿನಲ್ಲಿ ನಿಂತಾಗ. ಅವಳು ಚೆಂದದ ಮಗಳು, ನನಗೆ ಜೀವ. ಆದರೆ ಅವಳು ಹುಟ್ಟುತ್ತಾಳೆಂಬ ಸುದ್ದಿ ನನಗೆ ಮೊದಲು ಗೊತ್ತಾದದ್ದು ಬಸಿರುಮನೆಯ ಗುಮಾಸ್ತನ ಬಾಯಿಂದ, ಅವನೂ ಮಂಡಕ್ಕಿ ತಿನ್ನುತ್ತ ಹೇಳಿದ. ನಿಮ್ಮ ಕಾಲದ ಹೆಂಗಸು, ಯಾವ ವೈದ್ಯನಿಗಿಂತಲೂ ಮೊದಲು, ಗಂಡನಿಗಿಂತಲೂ ಮೊದಲು, ಒಬ್ಬಳೇ ನಿಂತು ‘ಇದ್ದರೂ ಇರಬಹುದು’ ಎಂದುಕೊಳ್ಳುತ್ತಿದ್ದಳಲ್ಲ, ಆ ಒಂದು ಗಳಿಗೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು, ಹೊಟ್ಟೆಕಿಚ್ಚೇ.

ಹಾಗಿದ್ದೂ ಹತ್ತೊಂಬತ್ತು ವರ್ಷ ಕಲಿಸಿದ್ದೇನೆ. ಬಸಿರುಮನೆಗೆ ಹೆಸರು ಬರೆಸುವ ಮೊದಲು ಎಳೆಯ ಜೋಡಿಗಳು ಮೂರು ತಿಂಗಳು ನನ್ನ ಪಾಠ ಕೇಳಬೇಕು. ತಿಂಗಳಿಗೊಮ್ಮೆ, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು, ಹೆಣ್ಣಿನ ಅಂಡಾಶಯದಿಂದ ಒಂದು ಅಂಡ ಹೊರಡುತ್ತಿತ್ತು. ಅದರ ಆಯುಷ್ಯ ಒಂದೇ ದಿನ. ಗಂಡಿನ ವೀರ್ಯಾಣು ಐದು ದಿನ ಕಾದಿರಬಲ್ಲದು, ಆದ್ದರಿಂದ ಕೂಡಿದ ದಿನವೇ ಬಸಿರಿನ ದಿನವಾಗಬೇಕೆಂದಿಲ್ಲ. ಎರಡೂ ಸೇರುತ್ತಿದ್ದುದು ಗರ್ಭಕೋಶದಲ್ಲಲ್ಲ, ಅದಕ್ಕೆ ಹೋಗುವ ನಾಳದಲ್ಲಿ. ಹೆಣ್ಣೋ ಗಂಡೋ ಎಂಬುದು ವೀರ್ಯಾಣುವಿನಿಂದ ತೀರ್ಮಾನವಾಗುತ್ತಿತ್ತು, ನಿಮ್ಮ ಕಾಲದವರು ಸುಮ್ಮನೆ ಸೊಸೆಯಂದಿರನ್ನು ಬಯ್ದರು. ಹಾಗೆ ಕೂಡಿದ ಅಂಡ ವಾರದಷ್ಟು ಪಯಣಿಸಿ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತಿತ್ತು, ಮುಟ್ಟು ತಪ್ಪುತ್ತಿತ್ತು, ಆರನೆಯ ವಾರದ ಹೊತ್ತಿಗೆ ವಾಕರಿಕೆ, ಆಯಾಸ. ತಾಯಿಗೆ ಸಂಶಯ ಬರುವ ಮೊದಲೇ ಕೂಸಿನ ಬೆನ್ನುಹುರಿ ರೂಪುಗೊಳ್ಳತೊಡಗುತ್ತಿತ್ತು, ಅದಕ್ಕೇ ಬಲ್ಲವರು ಫೋಲಿಕ್ ಆಮ್ಲದ ಗುಳಿಗೆಯನ್ನು ಮೊದಲೇ ತೆಗೆದುಕೊಳ್ಳಿ ಎನ್ನುತ್ತಿದ್ದರು. ನೋಡಿದಿರಾ, ಎಲ್ಲವೂ ‘ಇತ್ತು’, ‘ಆಗುತ್ತಿತ್ತು’. ರಾಜಮಹಾರಾಜರ ಯುದ್ಧ ಕಲಿಸಿದಂತೆ ಕಲಿಸಿದೆ.

ಈ ಸಲದ ತರಗತಿಯಲ್ಲಿ ಇಬ್ಬನಿ ಎಂಬುವಳಿದ್ದಾಳೆ. ಇಪ್ಪತ್ಮೂರು ವರ್ಷ, ಗಂಡ ಮಾಳಿಂಗನ ಜೊತೆ ಉಪ್ಪಾವಿ ಮನೆಯಲ್ಲಿ ಕೆಲಸ. ಸವುಳು ನೀರನ್ನು ಕುದಿಸಿ ಉಪ್ಪನ್ನೂ ಕುಡಿಯುವ ನೀರನ್ನೂ ಬೇರೆ ಮಾಡುವ ಕೋಣೆ ಅದು. ಒಳಗೆ ಕಾಲಿಟ್ಟರೆ ಬೇಯುತ್ತೇವೆ. ಅವಳು ಪಾಠದ ನಡುವೆ ಎದ್ದು ಓಡಿಹೋಗುತ್ತಿದ್ದಳು, ಮುಖ ಬಿಳುಚಿಕೊಂಡು ಮರಳುತ್ತಿದ್ದಳು. ಒಂದು ದಿನ ತಾನೇ ಹೇಳಿದಳು: “ಅಕ್ಕೋರ, ಹಿಂದ ತಿಂಗಳಿಗೊಮ್ಮೆ ಮೂರು ಸಲ ರಕ್ತ ಕಂಡಿತ್ತ್ರಿ. ಉಪ್ಪಿನ ಕಾವು ಅಂದ್ರು. ಈಗ ಎರಡು ತಿಂಗಳಾತು, ಸದ್ಯ, ನಿಂತೈತಿ.” ನಾನು ಒಳ್ಳೆಯದಾಯಿತು ಎಂದೆ. ಅಜೀರ್ಣಕ್ಕೆ ಶುಂಠಿ ಕಷಾಯ ಕುಡಿ ಎಂದು ಕಳಿಸಿ, ಅದೇ ಕರಿಹಲಗೆಯತ್ತ ತಿರುಗಿ ‘ಮುಟ್ಟು ತಪ್ಪುತ್ತಿತ್ತು’ ಎಂದು ಬರೆದೆ. ಅವಳು ಅದನ್ನು ಅಚ್ಚುಕಟ್ಟಾಗಿ ನಕಲು ಮಾಡಿಕೊಂಡಳು. ನಮ್ಮಂಥ ದಡ್ಡರು ಯಾವ ಕಾಲದಲ್ಲೂ ಇರಲಿಕ್ಕಿಲ್ಲ.

ಕಣ್ಣು ತೆರೆಸಿದ್ದು ನಿಮ್ಮ ಡಬ್ಬಿಯ ಕೊನೆಯ ಚೀಟಿ. “ಟೀಚರ್, ನಮ್ಮಕ್ಕಗ ಎರಡು ತಿಂಗಳಾತು ಮುಟ್ಟು ನಿಂತು. ಮುಂಜಾನೆ ಎದ್ದಕೂಡ್ಲೆ ಓಕರಿಕಿ. ಒಗ್ಗರಣಿ ವಾಸನಿಗೆ ಓಡಿಹೋಗ್ತಾಳ. ನಿನ್ನೆ ಒಂದೀಟು ರಕ್ತ ಕಾಣಿಸ್ತು. ಭಾಳ ಅಂಜ್ಯಾಳ. ಮನ್ಯಾಗ ಯಾರೂ ಬಾಯಿ ಬಿಡವಲ್ರು. ಏನರ ಹೇಳ್ರಿ.” ಓದುತ್ತಿದ್ದಂತೆ ಇಬ್ಬನಿಯ ಮುಖ ಕಣ್ಣೆದುರು ಬಂತು. ಅವಳ ತೋಳಿನ ಗುಳಿಗೆ ಸತ್ತಿತ್ತು, ಆ ಮೂರು ಸಲದ ರಕ್ತ ಮುಟ್ಟೇ ಆಗಿತ್ತು. ಐದು ತಲೆಮಾರಿನ ಮೇಲೆ ಈ ಗುಡ್ಡದಲ್ಲಿ ಒಬ್ಬಳು ಬಸುರಾಗಿದ್ದಳು.

ಆಗ ನಾನು ಎದ್ದು ಓಡಬೇಕಿತ್ತು, ಉಪ್ಪಾವಿ ಮನೆಯಿಂದ ಅವಳನ್ನು ಕೈಹಿಡಿದು ಹೊರಗೆ ತರಬೇಕಿತ್ತು. ಓಡಲಿಲ್ಲ. ಹನ್ನೊಂದು ದಿನ ಸುಮ್ಮನಿದ್ದೆ. ಖಚಿತವಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ, ಅದು ಸುಳ್ಳು. ಏನೂ ಓದದ, ನನ್ನ ಪಾಠದಲ್ಲಿ ತೂಕಡಿಸುವ ಆ ಹುಡುಗಿಗೆ, ಕೇಳದೆಯೇ, ನಾನು ಬಾಯಿಬಿಟ್ಟು ಬಯಸಿದ್ದು ಸಿಕ್ಕಿತ್ತು. ನನಗೇಕಿಲ್ಲ? ದಿನವೂ ಅವಳು ಕಾವಿನೊಳಗೆ ಹೋಗುವುದನ್ನು ನೋಡಿದೆ. ಬಸುರಿಗೆ ಮೊದಲ ವಾರಗಳಲ್ಲಿ ಅಷ್ಟು ಕಾವು ಕೂಡದೆಂದು ನನ್ನ ಪಾಠದಲ್ಲೇ ಇದೆ. ಅವಳ ಮೈಯ ಸುದ್ದಿ ಅವಳಿಗಿಂತ ಮೊದಲು ನನಗೆ ಗೊತ್ತಿದೆ ಎಂಬುದರಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಒಂದು ಹಾಳು ಸುಖವಿತ್ತು. ಗುಮಾಸ್ತ ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದೆ.

ಹನ್ನೆರಡನೆಯ ದಿನ ಅವಳಿಗೂ ರಕ್ತ ಕಾಣಿಸಿತು. ಓಡಿಬಂದವಳ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ, ಹನ್ನೊಂದು ದಿನವನ್ನೂ. ಅವಳು ಬಯ್ಯಲಿಲ್ಲ. “ಅಂದ್ರ ಇದು ಜಡ್ಡಲ್ಲೇನ್ರಿ?” ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆ ಕೈ ಇಟ್ಟ ರೀತಿಗೆ ನನಗೆ ಮತ್ತೆ ಉರಿಯಿತು. ಬಸಿರುಮನೆಯ ವೈದ್ಯೆ ಯಂತ್ರ ಹಿಡಿದು ನೋಡಿದಳು: ಕೂಸಿನ ಎದೆ ಮಿಡಿಯುತ್ತಿದೆ. ಆದರೆ ಗಾಜಿನ ಕೊಡಗಳನ್ನಷ್ಟೇ ನೋಡಿಕೊಂಡ ಅವಳೂ ಬಸುರಿಗೆ ರಕ್ತ ಬಂದದ್ದನ್ನು ಎಂದೂ ಕಂಡವಳಲ್ಲ. ಕೂಸನ್ನು ಕೊಡಕ್ಕೆ ಸಾಗಿಸುವುದೋ, ಇಬ್ಬನಿಯೇ ಹೊರುವುದೋ ನಾಲ್ಕು ದಿನದಲ್ಲಿ ಹೇಳಬೇಕೆಂದಳು. ಸಾಗಿಸುವಾಗ ಉಳಿಯುವುದು ಅರ್ಧಕ್ಕರ್ಧ. ಇಬ್ಬನಿಗೆ ಹೊರುವ ಆಸೆ, ಹೆದರಿಕೆಯೂ ಅಷ್ಟೇ. “ಅಕ್ಕೋರ, ಹಿಂಗ ಎಲ್ಲಾರಿಗೂ ಆಗತಿತ್ತೋ, ನನಗಷ್ಟ ಆಗೇತೋ? ಪುಸ್ತಕ ಬ್ಯಾಡ್ರಿ. ಹೊತ್ತಾಕಿ ಒಬ್ಬಾಕಿ ಹೇಳಲಿ,” ಎನ್ನುತ್ತಾಳೆ. ಪುಸ್ತಕವಾದರೂ ಹೇಳುವುದೇನು? ಏನೂ ಆಗದೆಯೂ ಇರಬಹುದು, ಜಾರಿಯೂ ಹೋಗಬಹುದು, ವೈದ್ಯರಿಗೆ ತೋರಿಸಿ ಎಂದಷ್ಟೇ. ಹೊತ್ತವಳು ಈ ಗುಡ್ಡದಲ್ಲಿ ಒಬ್ಬಳೂ ಇಲ್ಲ.

ನೀವು ಹೊತ್ತಿದ್ದೀರಿ, ಎರಡು ಸಲ. ಅದಕ್ಕೇ ಅವ್ವನ ಕಾಗದ ನಿಮಗೆ ಬಂದಿದೆ. ನೀವು ನಾಚಿಕೆಯಿಂದ ಬಾಯಿ ಮುಚ್ಚಿದಿರಿ, ನಾನು ಹೊಟ್ಟೆಕಿಚ್ಚಿನಿಂದ. ಎರಡು ಕಡೆಯೂ ಅಂಜಿ ಕೂತವಳು ಒಬ್ಬ ಹೆಣ್ಣುಮಗಳು. ನಾಳೆ ಶಾಲೆಗೆ ಹೋದ ಕೂಡಲೇ ಆ ರಬ್ಬರ್ ಬ್ಯಾಂಡ್ ಬಿಚ್ಚಿರಿ. ಕೊನೆಯ ಚೀಟಿ ಬರೆದ ಹುಡುಗಿಯನ್ನು ಅಕ್ಷರದಿಂದ ಗುರುತಿಸಿ ಕರೆದು, ಅವಳ ಅಕ್ಕನನ್ನು ಅಂದೇ ವೈದ್ಯರಿಗೆ ತೋರಿಸುವಂತೆ ಮಾಡಿರಿ, ಬೇಕಾದರೆ ನೀವೇ ಜೊತೆಗೆ ಹೋಗಿರಿ. ಸೆರಗು ಸರಿಸಿ ಆ ಪಾಠವನ್ನೂ ಮಾಡಿರಿ. ಆಮೇಲೆ ನಿಮಗೆ ಏನೇನಾಯಿತು, ರಕ್ತ ಕಂಡಿತ್ತೇ, ಅಂಜಿದಿರೇ, ಏನು ತಿಂದರೆ ವಾಕರಿಕೆ ಇಳಿಯಿತು, ಅದನ್ನು ಅದೇ ಚೀಟಿಯ ಬೆನ್ನಿಗೆ ಬರೆದು ಮತ್ತೆ ಡಬ್ಬಿಗೆ ಹಾಕಿ, ಗೂಡಿನಲ್ಲಿಡಿ. ಚೀಟಿ ಎಸೆದರೆ ಇಬ್ಬನಿಯ ಬಸಿರು ನನಗೆ ತಿಳಿಯುವುದೇ ಇಲ್ಲ, ಆದ್ದರಿಂದ ದಯಮಾಡಿ ಎಸೆಯಬೇಡಿ.

ಈಗ ಆ ಚೀಟಿಯ ಬೆನ್ನು ಖಾಲಿ ಇದೆ. ಇಬ್ಬನಿ ನನ್ನೆದುರು ಚಾಪೆಯ ಮೇಲೆ ಹುರಿಗಡಲೆ ತಿನ್ನುತ್ತ ಕೂತಿದ್ದಾಳೆ. ಈ ಕಾಗದ ಅಂಚೆಯ ಬಾಯಿಗೆ ಬಿದ್ದ ಗಳಿಗೆಗೇ ನಿಮ್ಮ ಉತ್ತರ, ಬರೆದಿದ್ದರೆ, ಅಲ್ಲಿ ಇರುತ್ತದೆ. ಮೊದಲು ನೋಡುವ ಆಸೆ ನನಗೆ ಎಷ್ಟಿದೆಯೆಂದು ನೀವು ಬಲ್ಲಿರಿ. ಆದರೂ ಚೀಟಿಯನ್ನು ಅವಳ ಕೈಗೆ ಕೊಟ್ಟಿದ್ದೇನೆ. ಅದನ್ನು ತಿರುವಿ ನೋಡುವವಳು ಅವಳು, ನಾನಲ್ಲ.

ಇಂತಿ,
ನಿಮ್ಮ ಮೇಲಿನ ಉರಿ ಇನ್ನೂ ಆರದ
ಸೋನವ್ವ, ಮೂಲಪಾಠದ ಅಕ್ಕೋರು