ಗೋಬರ್ ಗ್ಯಾಸ್ ಗುಮ್ಮಟದ ಮೇಲೆ ಸೌದೆ

ಗೋಬರ್ ಗ್ಯಾಸಿಗೆ ಸಹಾಯಧನ ಮಂಜೂರು ಮಾಡುವ ತಾಲ್ಲೂಕು ಅಧಿಕಾರಿಗಳಿಗೆ,

ಮಾನ್ಯರೇ,

ಇವತ್ತು ಬೆಳಿಗ್ಗೆ ನಮ್ಮವ್ವ ಚನ್ನಾಜಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಗುಮ್ಮಟದ ಮೇಲೆ ಹಸಿ ಸೌದೆ ಹರವುತ್ತಿದ್ದಳು. ನಿಮ್ಮ ಸಹಾಯಧನದಿಂದ ಕಟ್ಟಿದ ಗುಮ್ಮಟ. ಅದರಿಂದ ನಮ್ಮ ಅಡುಗೆಗೆ ಈವರೆಗೆ ಆದ ಉಪಕಾರ ಇಷ್ಟೇ: ಸೌದೆ ಬೇಗ ಒಣಗುತ್ತದೆ.

ನಮ್ಮ ಕೊಟ್ಟಿಗೆಯಲ್ಲಿರುವುದು ಎರಡು ಹಸು. ಅವುಗಳ ಸಗಣಿಗೆ ಸಣ್ಣ ಗುಂಡಿ ಸಾಕಿತ್ತು. ಆದರೆ ನಿಮ್ಮ ಯೋಜನೆಯಲ್ಲಿ ಗುಂಡಿ ದೊಡ್ಡದಾದಷ್ಟೂ ಸಹಾಯಧನ ದೊಡ್ಡದು. ಗುತ್ತಿಗೆದಾರ ಕೊಟ್ಟಿಗೆಯತ್ತ ತಿರುಗಿಯೂ ನೋಡದೆ ದೊಡ್ಡದನ್ನೇ ಅಗೆಸಿದ. "ಸಗಣಿ ಸಾಲಾಕಿಲ್ವಲ್ಲ ಸಾ" ಎಂದು ಅಪ್ಪ ಕೇಳಿದ್ದಕ್ಕೆ, "ಸರ್ಕಾರ ಕೊಡುವಾಗ ಹಸು ಎಣಿಸ್ತಾರೇನ್ರೀ ಯಜಮಾನ್ರೇ?" ಎಂದು ನಕ್ಕ. ಊರವರೆಲ್ಲ ಮೊದಲ ಸಲ ಗುಂಡಿ ತುಂಬಿಸಿಕೊಟ್ಟರು. ಒಲೆ ಹೊತ್ತಿತು, ಫೋಟೊ ತೆಗೆದಿರಿ, ಜೀಪು ಹೋಯಿತು. ಆಮೇಲೆ ಅಷ್ಟು ದೊಡ್ಡ ಹೊಟ್ಟೆಯಲ್ಲಿ ಗ್ಯಾಸಿನ ಒತ್ತಡವೇ ಏರಲಿಲ್ಲ. ಅನ್ನಕ್ಕಿಟ್ಟ ನೀರು ಕುದಿಯುವ ಮೊದಲೇ ಉರಿ ಮಿಣುಕಿ ಆರುತ್ತದೆ. ಅವ್ವ ಮತ್ತೆ ಹೊಗೆಯಲ್ಲಿ ಕೆಮ್ಮುತ್ತಾಳೆ. ತಾವು ಸಹಾಯಧನ ಕೊಡುವುದು ಗುಂಡಿಗೋ, ಉರಿಗೋ?

ಎದುರು ಮನೆಯ ಚಲುವಮ್ಮನಿಗೆ ನಾಲ್ಕು ಎಮ್ಮೆ. ಗುಂಡಿ ತೋಡಲು ಹಿತ್ತಲಿಲ್ಲ, ಹಾಗಾಗಿ ಸಹಾಯಧನವೂ ಇಲ್ಲ. ಆಕೆಯ ಎಮ್ಮೆಗಳ ಸಗಣಿ ಸೇರಿದರೆ ನಮ್ಮ ಗುಂಡಿ ಎರಡೂ ಮನೆಗೆ ಉರಿ ಕೊಟ್ಟೀತು. ಅವ್ವ ಕೇಳಿದಳು. ಚಲುವಮ್ಮ ಒಪ್ಪಲಿಲ್ಲ.

"ಸಗಣಿ ಲಕ್ಷ್ಮಿ ಕಣಕ್ಕ, ಸುಮ್ಸುಮ್ನೆ ಮನೆ ಆಚೆಗೆ ಕೊಡಂಗಿಲ್ಲ. ನಮ್ಮನೆಗೂ ಪೈಪ್ ಆಕ್ಸು. ಸಗಣಿಯಾಗಿ ಓದೋಳು ಉರಿಯಾಗಿ ವಾಪಸ್ ಬರ್ಲಿ."

"ದಾರೀಲಿ ನಮ್ಮನೇಲೇ ನಿಂತ್ಕಂಬುಟ್ರೆ?"

"ನಿಮ್ಮನೆ ಒಗೇಲಿ ಯಾವ ಲಕ್ಷ್ಮಿ ನಿಂತಾಳು ಬುಡು!"

ಒಂದು ಪೈಪಿನ ಮಾತು. ಅನುಮತಿ ಕೇಳಲು ನಾನೇ ನಿಮ್ಮ ಕಚೇರಿಗೆ ಬಂದೆ. ಒಂದು ಘಟಕ ಒಂದೇ ಕುಟುಂಬಕ್ಕೆ, ಬೇರೆ ಮನೆಗೆ ಪೈಪು ಎಳೆದರೆ ಸಹಾಯಧನ ವಾಪಸು ಕಟ್ಟಬೇಕು ಎಂದಿರಿ. ನಾಲ್ಕು ಜನರೆದುರು ನನಗೆ ಮಾತು ಹೊರಡುವುದಿಲ್ಲ; ತಲೆಯಾಡಿಸಿ ಬಂದೆ. ದಯವಿಟ್ಟು ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಉರಿಯದ ಒಲೆಗೆ ಹಣ ಕೊಟ್ಟು, ಅದನ್ನು ಉರಿಸಲು ಹೊರಟವರಿಗೆ ದಂಡ ಹಾಕುವುದು ಯಾವ ಊರಿನ ಪ್ರೋತ್ಸಾಹ? ನಂಜನಗೂಡಿನಿಂದ ನರಸೀಪುರದವರೆಗೆ ಇಂಥ ಗುಮ್ಮಟಗಳು ಹೆಚ್ಚಿವೆ ಎಂದು ತಾವು ಹಿಗ್ಗುತ್ತೀರಿ. ಅವುಗಳಲ್ಲಿ ಎಷ್ಟು ಉರಿಯುತ್ತಿವೆ ಎಂದು ಯಾರ ಅಡುಗೆಮನೆಗಾದರೂ ಬಂದು ನೋಡಿದ್ದೀರಾ?

ಕೊಟ್ಟಿಗೆ ನೋಡಿ ಗುಂಡಿಯ ಅಳತೆ ಹೇಳಿ. ಒಲೆ ವರ್ಷವಿಡೀ ಉರಿದ ಮೇಲೆ ಗುತ್ತಿಗೆದಾರನ ಕೊನೆಯ ಕಂತು ಕೊಡಿ. ಅಕ್ಕಪಕ್ಕದ ಮನೆಗಳು ಒಂದೇ ಘಟಕ ಹಂಚಿಕೊಳ್ಳಲು ಬಿಡಿ.

ಅಲ್ಲಿಯವರೆಗೆ ಕಾಯಲಾರೆ. ನಿನ್ನೆ ಯಾರಿಗೂ ಹೇಳದೆ ನಂಜನಗೂಡಿಗೆ ಹೋಗಿ ಪೈಪು ತಂದಿದ್ದೇನೆ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಅದು ಓಣಿ ದಾಟಿ ಚಲುವಮ್ಮನ ಒಲೆ ಸೇರಿರುತ್ತದೆ.

ಇಂತಿ,
ಅಪ್ಪನ ಹೆಸರಿಗೆ ಬರಲಿರುವ ನಿಮ್ಮ ನೋಟಿಸನ್ನು ಅವರಿಗೆ ಓದಿ ಹೇಳಬೇಕಾದ ಮಗಳು,
ಚೈತ್ರ, ಬಿ.ಎ.
ಸುತ್ತೂರಿನ ಬಳಿಯ ಒಂದು ಹಳ್ಳಿ, ೧೯೯೮