ಮಂಜಿನಲ್ಲಿ ಹಾಮರ್‌ವಿಕ್ ಧಾಟಿ

ಜೂನ್ 3

ಹಾಲು ಕರೆದಾಯಿತು. ಒಲೆಗೆ ಹಾಕುವ ಪೀಟ್ ಮಣ್ಣಿನ ಹೆಂಟೆ ಇನ್ನೂ ಹಸಿ, ಮನೆಯೆಲ್ಲ ಹೊಗೆ. ರಸ್ಮಿ ಆಗಲೇ ದೋಣಿಗೆ ಓಡಿದ. ಎಡಗಾಲು ಎಳೆಯುತ್ತಲೇ ಓಡುತ್ತಾನೆ ನನ್ನ ಗಂಡ, ಸಮುದ್ರ ಅಂದರೆ ಅಷ್ಟು ಆತುರ.

ಮಾವ ಪಿಟೀಲು ಹಿಡಿದು ಕೂತರು. ಇಡೀ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಇಂಥ ಕೈ ಇಲ್ಲ ಎನ್ನುತ್ತಾರೆ. 'ಹಾಮರ್‌ವಿಕ್' ಶುರುವಾಯಿತು — ನಮ್ಮ ಕೊಲ್ಲಿಯ ಧಾಟಿ. ಅರ್ಧಕ್ಕೆ ಬಂದು ಮೆಲ್ಲಗೆ 'ಸ್ಕಾರ್ವಾ'ಕ್ಕೆ ಜಾರಿತು. ಅದು ಪಕ್ಕದ ಕೊಲ್ಲಿಯದು! ಅವರಿಗೆ ಗೊತ್ತೇ ಆಗಲಿಲ್ಲ. ಉಣ್ಣೆ ಹಿಂಜುತ್ತಿದ್ದ ನನ್ನ ಕೈ ನಿಂತುಹೋಯಿತು.

ಜೂನ್ 4

ನಿದ್ದೆ ಇಲ್ಲ. ಮಂಜು ಕವಿದರೆ ದೋಣಿಯವರಿಗೆ ಕಿವಿಯೇ ಗತಿ. ದಡದಿಂದ ಮಾವ ಬಾರಿಸುವ ನಮ್ಮ ಧಾಟಿ ಕೇಳಿದರೆ ನೇರ ಒಳಗೆ ಬರುತ್ತಾರೆ. ಸ್ಕಾರ್ವಾ ಕೇಳಿದರೆ ಆ ಕೊಲ್ಲಿಗೆ ಬಂದೆವೆಂದುಕೊಂಡು ಅದರ ಬಾಯಲ್ಲೇ ಎಡಕ್ಕೆ ತಿರುಗಿಸುತ್ತಾರೆ. ನಮ್ಮ ಕೊಲ್ಲಿಯಲ್ಲಿ ಎಡಕ್ಕೆ ತಿರುಗಿಸಿದರೆ — ಬಂಡೆ.

ರಸ್ಮಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕ. "ಅಪ್ಪ ನಮ್ಮಮ್ಮನ್ನ ಮರೆತ್ರೂ ಹಾಮರ್‌ವಿಕ್ ಮರೆಯಲ್ಲ ಕಣೇ! ನಿಂಗೆ ಯಾವಾಗ್ಲೂ ಹೆದ್ರಿಕೆ."

ನಿನ್ನೆ ಮಾವ ನನ್ನನ್ನು ತೀರಿಹೋದ ಅತ್ತೆಯ ಹೆಸರಿಂದ ಕರೆದರು. ಅದನ್ನು ಹೇಳಲು ಬಾಯಿ ಬರಲಿಲ್ಲ.

ಜೂನ್ 7

"ಮಾವ, ನಂಗೂ ಸ್ವಲ್ಪ ಕಲ್ಸಿಕೊಡಿ."

"ಯಾಕೆ? ನಾನೇನು ಸತ್ತೋದ್ನಾ?"

ಅವರು ಕುರಿ ನೋಡಲು ಹೋದಾಗ ಕದ್ದು ಬಾರಿಸಿದೆ. ಧಾಟಿ ಬಾಯಿಪಾಠ. ಬೆರಳು ಮಾತ್ರ ಹೇಳಿದಂತೆ ಕೇಳುವುದಿಲ್ಲ.

ಜೂನ್ 12, ಮಧ್ಯಾಹ್ನ

ಮಂಜು. ಅಂಗಳದ ಕಲ್ಲುಗೋಡೆಯೇ ಕಾಣುತ್ತಿಲ್ಲ. ಮೂರು ದೋಣಿ ಹೊರಗಿವೆ, ರಸ್ಮಿಯದೂ. ಮಾವ ಪಿಟೀಲು ಹಿಡಿದು ದಡಕ್ಕೆ ಹೊರಟರು. ಹಿಂದೆಯೇ ಹೋಗುತ್ತೇನೆ. ದೇವರೇ...

ಸಂಜೆ

ಮೊದಮೊದಲು ಸರಿಯಾಗಿಯೇ ಬಾರಿಸಿದರು. ಆಮೇಲೆ ಜಾರಿತು. ದಡದ ತುಂಬ ಹೆಂಗಸರು. ಊರ ಹಿರಿಯನನ್ನು ತಡೆಯುವವರು ಯಾರು? ನಾನೇ ಪಿಟೀಲು ಕಿತ್ತುಕೊಂಡೆ.

"ಏನ್ ಸೊಕ್ಕೇ ನಿಂಗೆ!" ಪಕ್ಕದ ಮನೆಯ ಓಸ್ಲಾ ಕಿರುಚಿದಳು.

ಕರ್ಕಶವಾಗಿ ಬಾರಿಸಿದೆ. ಆದರೆ ಹಾಮರ್‌ವಿಕ್ ಅನ್ನೇ ಬಾರಿಸಿದೆ. ಎರಡು ದೋಣಿ ನೇರ ಬಂದವು. ಓಸ್ಲಾಳ ಗಂಡ ಇಳಿದ. ಅವಳು ನನ್ನ ಮುಖ ನೋಡಲಿಲ್ಲ.

ರಸ್ಮಿಯದು ಬರಲಿಲ್ಲ. ತಪ್ಪು ಧಾಟಿ ಎಷ್ಟು ಹೊತ್ತು ಕೇಳಿಸಿತ್ತೋ... ಮಂಜು ಸರಿಯಿತು, ಸಮುದ್ರ ಖಾಲಿ. ಬಂದವರೇ ಹುಡುಕಲು ಮತ್ತೆ ಹೊರಟರು. ಮಾವನನ್ನು ಕೈಹಿಡಿದು ಮನೆಗೆ ತಂದೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾವ ಒಲೆಯ ಪಕ್ಕ. ಮತ್ತೆ ಮತ್ತೆ ಅದೇ ಪ್ರಶ್ನೆ. "ನಾ ಸರಿಯಾಗ್ ಬಾರ್ಸಿದ್ನಾ, ಹುಡುಗಿ?"

"ಹೂಂ ಮಾವ."

ಸ್ಕಾರ್ವಾ ಕಡೆಯ ಗುಡ್ಡದ ದಾರಿಯಲ್ಲಿ ಬೂಟಿನ ಸದ್ದು. ದೋಣಿ ಆ ದಡ ಸೇರಿದ್ದರೆ ಇದೇ ದಾರಿಯಲ್ಲಿ ಬರಬೇಕು. ಒಬ್ಬರೇ. ಒಂದು ಕಾಲು ಎಳೆಯುತ್ತಿದೆಯೋ, ಇಲ್ಲವೋ — ಮಾವ ಮಾತಾಡುತ್ತಲೇ ಇದ್ದಾರೆ. ಸುಮ್ಮನಿರಿ ಮಾವ, ಒಂದು ಗಳಿಗೆ, ನನಗೆ ಕೇಳಿಸ—